ತಲೆ ಒಂದೇ, ಅಂಕಿ ಎರಡು

ಮಾನ್ಯ ಸಂಪಾದಕರೇ,

ತಲೆನೋವೆಂದು ಕಳೆದ ವರ್ಷ ಶಿವಮೊಗ್ಗದಲ್ಲಿ ಎಂಆರ್‌ಐ ಮಾಡಿಸಿದ್ದೆ. ಅಡಿಕೆ ಕೊನೆಕೊಯ್ಲು ಮುಗಿಸಿ ಇನ್ನೊಂದು ಕಡೆ ಮತ್ತೆ ಮಾಡಿಸಿದೆ. ಎರಡೂ ಸಲ ಮೆದುಳು ಸರಿಯಾಗಿದೆ ಎಂದರು. ಆದರೆ ಕಂಪ್ಯೂಟರ್ ಅಳೆದ ಹಿಪೊಕ್ಯಾಂಪಸ್ ಗಾತ್ರ ಎರಡನೇ ಸಲ ಕಡಿಮೆ! ನೆನಪಿಗೆ ಬೇಕಾದ ಭಾಗ ಅದು. ಸುಮ್ನೆ ವಾರಗಟ್ಟಲೆ ನಿದ್ದೆಗೆಟ್ಟೆ.

ಆಮೇಲೆ ನೋಡಿದರೆ ಮೊದಲನೆಯದು 1.5 ಟೆಸ್ಲಾ ಯಂತ್ರ, ಎರಡನೆಯದು 3 ಟೆಸ್ಲಾ; ಟೆಸ್ಲಾ ಎಂದರೆ ಯಂತ್ರದ ಅಯಸ್ಕಾಂತದ ಬಲದ ಅಳತೆ. ಸಿಟಿ ಸ್ಕ್ಯಾನಿನಲ್ಲಿ ನೀರಿಗೆ 0 ಎಂಬ ಗಟ್ಟಿ ಅಳತೆಯಿದೆ. ಮಾಮೂಲಿ ಎಂಆರ್‌ಐ ಚಿತ್ರದ ಬಿಳಿ-ಕಪ್ಪಿಗೆ ಅಂಥದ್ದಿಲ್ಲ; ಕಂಪ್ಯೂಟರ್ ಗಾತ್ರ ಅಳೆಯುವುದು ಆ ಬಿಳಿ-ಕಪ್ಪು ನೋಡಿಯೇ. ಯಂತ್ರ, ಸಾಫ್ಟ್‌ವೇರ್, ಸ್ಲೈಸಿನ (ಚಿತ್ರ ತೆಗೆಯುವ ಒಂದೊಂದು ಪದರದ) ದಪ್ಪ ಬದಲಾದರೂ, ತಲೆ ಚೂರು ಅಲುಗಿದರೂ ಅಂಕಿ ಬದಲಾಗಬಹುದು. ಒಂದೇ ಅಡಿಕೆ ಮೂಟೆಯನ್ನು ಎರಡು ತಕ್ಕಡಿಯಲ್ಲಿ ತೂಗಿದ ಹಾಗೆ, ಅಲ್ವಾ?

ಅಂಕಿ ಕೊಡುವವರು ಯಂತ್ರ ಯಾವುದು, ಎಷ್ಟು ಹೆಚ್ಚುಕಮ್ಮಿ ಸಹಜ ಎಂದೂ ವರದಿಯಲ್ಲಿ ಬರೆಯಲಿ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ