ಪುಟ್ಟಿಗೆ, ಈಜು ಕಲಿತ ಮಾವನಿಂದ

ಉಡುಪಿ
ಆಟಿ ತಿಂಗಳು, ಭಾನುವಾರ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನೆ ನಿನ್ನಮ್ಮ ಫೋನು ಮಾಡಿದ್ದಳು. ಆಫೀಸು ಮುಗಿಸಿ ಯಕ್ಷಗಾನದ ನಾಟ್ಯ ಕಲಿಯುತ್ತೇನೆ ಅಂತ ಹೆಸರು ಕೊಟ್ಟೆಯಂತೆ. ಒಂದೇ ದಿನ ಹೋಗಿ ಬಿಟ್ಟೆಯಂತೆ. "ಇಪ್ಪತ್ತೇಳಕ್ಕೆ ಸಣ್ಣ ಮಕ್ಕಳ ಸಾಲಲ್ಲಿ ನಿಂತು ತೈ ತೈ ಅಂತ ಕುಣಿಯೋದಾ" ಅಂದೆಯಂತೆ. ನನಗೆ ನಗು ಬಂತು. ಬೇಜಾರು ಮಾಡಿಕೊಳ್ಳಬೇಡ, ನಕ್ಕದ್ದು ನನ್ನನ್ನು ನೆನೆದು.

ನಾನು ಪಿಗ್ಮಿ ಕಲೆಕ್ಷನ್, ಅಂದರೆ ದಿನಾ ಅಂಗಡಿ ಅಂಗಡಿಗೆ ಹೋಗಿ ಬ್ಯಾಂಕಿಗೆ ಸಣ್ಣ ಉಳಿತಾಯದ ದುಡ್ಡು ಎತ್ತುವ ಕೆಲಸ, ಮಾಡಿದ್ದು ಮೂವತ್ತೊಂದು ವರ್ಷ. ಅದೇ ರಥಬೀದಿ, ಅದೇ ಅಂಗಡಿಗಳು, ಅದೇ ಹೆಗಲ ಚೀಲ. ಕೆಲಸ ಬಿಟ್ಟ ಮೇಲೆ ಒಂದು ಸಂಜೆ ಸುಮ್ನೆ ಕೂತು ಆ ದಿನಗಳನ್ನು ನೆನೆಯಲು ಹೋದೆ. ನೆನಪಾದದ್ದು ಬೆರಳೆಣಿಕೆಯಷ್ಟು. ರಸೀದಿ ಪುಸ್ತಕ ಮಳೆಯಲ್ಲಿ ತೊಯ್ದ ದಿನ, ಮೊದಲ ಸಲ ಕೈಗೆ ಮೆಷಿನ್ ಕೊಟ್ಟ ದಿನ, ಹೀಗೆ. ಉಳಿದ ವರ್ಷಗಳೆಲ್ಲ ಸೇರಿ ಒಂದೇ ದಿನದ ಹಾಗಿದ್ದವು. ಸುಳ್ಳು ಹೇಳುವುದಿಲ್ಲ, ಹೆದರಿಕೆಯಾಯಿತು.

ಅದಕ್ಕೇ 61ಕ್ಕೆ ಅಜ್ಜರಕಾಡಿನ ಈಜುಕೊಳಕ್ಕೆ ಸೇರಿದ್ದು.

ನಾವು ಸಣ್ಣವರಿದ್ದಾಗ ಕೆರೆಯಲ್ಲಿ ಎರಡು ಒಣ ತೆಂಗಿನಕಾಯಿ ಹಗ್ಗದಲ್ಲಿ ಕಟ್ಟಿಕೊಂಡು ಈಜು ಕಲಿಯುತ್ತಿದ್ದರು. ಸಿಪ್ಪೆ ಸಮೇತ ಕಾಯಿ ತೇಲುತ್ತದೆ, ಕಟ್ಟಿಕೊಂಡವರನ್ನೂ ತೇಲಿಸುತ್ತದೆ. ನಿನ್ನಮ್ಮ ಕೂಡ ಹಾಗೇ ಕಲಿತವಳು. ನಾನು ದಡದಲ್ಲಿ ಎಲ್ಲರ ಬಟ್ಟೆ ಕಾಯುತ್ತಾ ಕೂತವನು.

ಈಜುಕೊಳದಲ್ಲಿ ಮೊದಲ ವಾರ ನೀರು ಕುಡಿದದ್ದೇ ಜಾಸ್ತಿ. ಪಕ್ಕದಲ್ಲಿ ಏಳೆಂಟು ವರ್ಷದ ಒಂದು ಹುಡುಗಿ. "ಅಜ್ಜಾ, ತಲೆ ಎತ್ತಬೇಡಿ, ಕಾಲು ಮುಳುಗುತ್ತೆ" ಅಂದಳು. ಸರಿಯಾಗೇ ಹೇಳಿದ್ದಳು. ಹೆದರಿ ತಲೆ ಮೇಲೆತ್ತಿದಷ್ಟೂ ಸೊಂಟ, ಕಾಲು ಕೆಳಗಿಳಿಯುತ್ತವೆ. ಮುಖ ನೀರೊಳಗಿಟ್ಟು ಗುಳುಗುಳು ಅಂತ ಉಸಿರು ಬಿಡಬೇಕು, ಮುಖ ಬದಿಗೆ ತಿರುಗಿಸಿ ಉಸಿರು ಎಳೆದುಕೊಳ್ಳಬೇಕು. ಹೇಳಲು ಎರಡು ಮಾತು. ನನ್ನ ಮೈಗೆ ಅರ್ಥವಾಗಲು ಐದು ವಾರ ಹಿಡಿಯಿತು. ಒಂದು ಬೆಳಿಗ್ಗೆ ಕಾಲು ತಾನಾಗಿ ಮೇಲೆ ಬಂತು. ಆ ಬೆಳಿಗ್ಗೆ ಇಡೀ ನೆನಪಿದೆ ನನಗೆ: ಕ್ಲೋರಿನ್ ವಾಸನೆ, ತುಂತುರು ಮಳೆ, ಹೊರಗೆ ಬಂದು ತಿಂದ ಎರಡು ಬಿಸಿ ಬನ್ಸ್. ಮೂವತ್ತೊಂದು ವರ್ಷದಲ್ಲಿ ಅಂಥ ಬೆಳಿಗ್ಗೆ ಎಷ್ಟು ಬಂದಿದ್ದವು?

ಈಗ ರಾತ್ರಿ ಒಳ್ಳೆ ನಿದ್ದೆ ಬರುತ್ತದೆ. ಅದಕ್ಕಿಂತ ದೊಡ್ಡ ಲಾಭ ಬೇರೆ ಕಡೆ ಆಯಿತು. ನಿನ್ನ ಅತ್ತೆಗೆ ಫೋನಿನಲ್ಲಿ ದುಡ್ಡು ಕಳಿಸಲು ಕಲಿಸುವಾಗ ನಾನು ರೇಗುತ್ತಿದ್ದೆ. ಎಷ್ಟು ಸಲ ಹೇಳೋದು ಅಂತ. ಈಗ ಆ ರೇಗಾಟ ಇಲ್ಲ. ಬಾರದವರ ಪಾಡು ಏನು ಅಂತ ನೀರಲ್ಲಿ ಗೊತ್ತಾಗಿದೆ. "ಈ ಜನಕ್ಕೆ ಏನಾಯ್ತು" ಅಂತ ಅತ್ತೆಗೇ ಅನುಮಾನ!

ಎಲ್ಲದರಲ್ಲೂ ಗೆದ್ದೆ ಅಂದುಕೊಳ್ಳಬೇಡ. ಹಾರ್ಮೋನಿಯಂ ಮೂರು ತಿಂಗಳಿಗೆ ಬಿಟ್ಟೆ, ಅಕ್ಕಪಕ್ಕದವರು ನಿಟ್ಟುಸಿರು ಬಿಟ್ಟರು. ಕಳೆದ ಆಟಿಯಲ್ಲಿ ಕೆಸುವಿನೆಲೆಯ ಪತ್ರೊಡೆ ಮಾಡಿದೆ. ಹುಣಸೆಹುಳಿ ಕಡಿಮೆಯಾಗಿ ಮನೆಯವರೆಲ್ಲ ಸಂಜೆವರೆಗೆ ಗಂಟಲು ಕೆರೆದುಕೊಂಡರು. ಕೆಸುವಿನೆಲೆ ಯಾರ ಮುಲಾಜಿಗೂ ಬಗ್ಗುವುದಿಲ್ಲ.

ನಮ್ಮ ಕೋಟದ ಶಿವರಾಮ ಕಾರಂತರನ್ನೇ ನೋಡು. ಕಾದಂಬರಿ ಬರೆದುಕೊಂಡು ಆರಾಮಾಗಿ ಇರಬಹುದಿತ್ತು. ನಾಟಕ, ಸಿನೆಮಾ, ಮಕ್ಕಳಿಗಾಗಿ ಪುತ್ತೂರಿನ ಬಾಲವನ, ವಿಜ್ಞಾನದ ಪುಸ್ತಕ, ನೀನು ಒಂದೇ ದಿನಕ್ಕೆ ಬಿಟ್ಟ ಯಕ್ಷಗಾನ, ಯಾವುದಕ್ಕೆ ಕೈ ಹಾಕಲಿಲ್ಲ? ಕೈಗಾ ಅಣುಸ್ಥಾವರ ಬೇಡ ಅಂತ 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತರು. ಆಗ ಅವರಿಗೆ 87. ಸೋತರು. ಸೋತ ಮೇಲೂ ಸುಮ್ಮನೆ ಕೂತವರಲ್ಲ.

ನೀನು ಅಷ್ಟೆಲ್ಲ ಮಾಡಬೇಕಿಲ್ಲ. ರಂಗಸ್ಥಳದಲ್ಲಿ ಗಿರಗಿರನೆ ಹಾರಿ ದಿಗಿಣ ಹಾಕುವ ಕನಸು ಈಗಲೇ ಬೇಡ, ಸಣ್ಣದಾಗಿ ಶುರು ಮಾಡು. ಪಿಗ್ಮಿ ಶುರುವಾದದ್ದೂ ನಮ್ಮ ಉಡುಪಿಯ ಸಿಂಡಿಕೇಟ್ ಬ್ಯಾಂಕಿನಿಂದಲೇ, 1928ರಲ್ಲಿ. ದಿನಕ್ಕೆ ಎರಡಾಣೆ ಕೊಟ್ಟರೂ ಆಗುತ್ತಿತ್ತು. ನೀನೂ ಹಾಗೇ ಮಾಡು. ದಿನಾ ಕಾಲು ಗಂಟೆ, ಬಾಗಿಲು ಹಾಕಿಕೊಂಡು ಹೆಜ್ಜೆ ಹಾಕು. ಮೂರು ತಿಂಗಳು ಕಟ್ಟು. ಆಮೇಲೂ ಬೇಡ ಅನ್ನಿಸಿದರೆ ಬಿಡು, ನಾನೇ ನಿನ್ನಮ್ಮನಿಗೆ ಹೇಳುತ್ತೇನೆ. ಆ ಮಕ್ಕಳು ನಗುತ್ತವೆ, ನಿಜ. ಒಂದು ವಾರ ನಗುತ್ತವೆ. ಆಮೇಲೆ ಅವೇ ನಿನ್ನ ಕಾಲು ತಿದ್ದುತ್ತವೆ, ಕಲಿಯಲು ಅದಕ್ಕಿಂತ ಒಳ್ಳೆ ಗುರು ಸಿಗುವುದಿಲ್ಲ.

ಮುಂದಿನ ತಿಂಗಳು ರಜೆ ಹಾಕಿ ಬಾ. ಬಂದವಳು ಕಲಿತದ್ದು ಎರಡೇ ಹೆಜ್ಜೆಯಾದರೂ ಚಾವಡಿಯಲ್ಲಿ ಕುಣಿದು ತೋರಿಸಬೇಕು. ಊಟಕ್ಕೆ ಪತ್ರೊಡೆ ಇರುತ್ತದೆ. ಹೆದರಬೇಡ, ಈ ಸಲ ಮಾಡುವುದು ಅತ್ತೆ.

ಇಂತಿ ನಿನ್ನ
ಮಾವ