ಡಿಸೆಂಬರ್ 23ರಂದು ಮಗಳು ಮನೆಗೆ ಬಂದಳು

ಕಳೆದ ಡಿಸೆಂಬರ್ 23ರ ಸಂಜೆ ನಮ್ಮ ಮಗಳು 1 ಕಿಲೊ 640 ಗ್ರಾಂ ತೂಕದೊಡನೆ ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಮನೆಗೆ ಬಂದಳು. ಕ್ರಿಸ್ಮಸ್ಸಿಗೆ ಸಿದ್ಧರಾಗುವ ಆಗಮನ ಕಾಲದ ಮೊದಲ ಭಾನುವಾರಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ತಾಯಿಯ ರಕ್ತದೊತ್ತಡ ಏರಿ, 30ನೆಯ ವಾರಕ್ಕೇ ಶಸ್ತ್ರಕ್ರಿಯೆಯಿಂದ ಹುಟ್ಟಿದ ದಿನ ಅವಳ ತೂಕ 1 ಕಿಲೊ 300 ಗ್ರಾಂ ಇತ್ತು. ನಡುವಿನ 29 ದಿನ ನಮ್ಮನ್ನು ಹೊತ್ತು ನಡೆಸಿದವರು ಬಹಳ ಮಂದಿ. ಎಲ್ಲರ ಮನೆಗೂ ಹೋಗಿ ಕೈಮುಗಿಯಲು ಇನ್ನೂ ಆಗಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಭಯದ ಸಂಗತಿಯನ್ನು ಹೇಳಬೇಕು, ಏಕೆಂದರೆ ನಮ್ಮ ಚರ್ಚಿನ ಸಭೆಯಲ್ಲಿ ಕೆಲವರು ನನ್ನನ್ನು ಗಟ್ಟಿ ವಿಶ್ವಾಸಿ ಎಂದು ಹೊಗಳುತ್ತಿದ್ದಾರೆ. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ ಮೇಲೆ ನಾನು ನೋಡುತ್ತಿದ್ದುದು ಮಗುವನ್ನಲ್ಲ, ಪಕ್ಕದ ಯಂತ್ರದಲ್ಲಿ ಮಿನುಗುವ ಆಮ್ಲಜನಕದ ಅಂಕಿಯನ್ನು. ಅದು 90ಕ್ಕಿಂತ ಕೆಳಗಿಳಿದರೆ ನನ್ನ ಉಸಿರೇ ನಿಂತಂತಾಗುತ್ತಿತ್ತು. ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟು ತಿಂಗಳದ್ದೇ ಕಷ್ಟ ಎಂದು ಅತ್ತೆಯವರು ಹಳೆಯ ಮಾತೊಂದನ್ನು ಹೇಳಿ ಧೈರ್ಯ ತುಂಬುತ್ತಿದ್ದರು. ಆ ಲೆಕ್ಕದಲ್ಲಿ ಅರ್ಥವಿಲ್ಲವೆಂದು ತಿಳಿದಿದ್ದರೂ ನಾನು ಅದನ್ನು ಎರಡೆರಡು ಸಲ ಹೇಳಿಸಿಕೊಂಡೆ.

ಆಗಮನದ ಮೊದಲ ಭಾನುವಾರ ಸತ್ಯವೇದ (ಬೈಬಲ್) ವಾಚನ ನನ್ನ ಪಾಳಿಯಾಗಿತ್ತು. ಬರಲಾರೆನೆಂದು ತಿಳಿಸಿದಾಗ ಸಭೆಯ ಪಾದ್ರಿ ಅಯ್ಯನವರು ಒತ್ತಾಯ ಮಾಡಲಿಲ್ಲ. ಪ್ರವಾದಿ ಯೆಶಾಯನ ಗ್ರಂಥದ ಏಳನೆಯ ಅಧ್ಯಾಯವನ್ನು ಆಸ್ಪತ್ರೆಯ ಕಟ್ಟೆಯ ಮೇಲೆಯೇ ಕುಳಿತು ಓದಿಕೊಳ್ಳಿ ಎಂದಷ್ಟೇ ಹೇಳಿದರು. ಕ್ರಿಸ್ಮಸ್ಸಿನಲ್ಲಿ ನಾವು ಆ ಅಧ್ಯಾಯದಿಂದ ಆರಿಸಿಕೊಳ್ಳುವುದು ಇಮ್ಮಾನುವೇಲನೆಂಬ ಶಿಶುವಿನ ಒಂದು ವಚನವನ್ನು ಮಾತ್ರ. ಅದರ ಹಿಂದಿರುವುದು ಹೆದರಿದ ರಾಜನೊಬ್ಬನ ಕಥೆ. ಅರಾಮ್ಯರ ರಾಜನೂ ಇಸ್ರಾಯೇಲಿನ ರಾಜನೂ ಕೂಡಿಕೊಂಡು ಯೆರೂಸಲೇಮಿನ ಮೇಲೆ ಬರುತ್ತಿದ್ದಾರೆಂದು ಕೇಳಿ, ಗಾಳಿಗೆ ಕಾಡಿನ ಮರಗಳು ಅಲುಗಾಡುವಂತೆ ಯೆಹೂದದ ರಾಜ ಆಹಾಜನ ಎದೆ ಅಲುಗಾಡಿತು. ಯೆಶಾಯನು ಅವನನ್ನು ಕಂಡದ್ದು ದೇವಾಲಯದಲ್ಲಲ್ಲ, ಮೇಲಣ ಕೆರೆಯ ಕಾಲುವೆಯ ಕೊನೆಯಲ್ಲಿ. ಮುತ್ತಿಗೆ ಬಿದ್ದರೆ ನೀರು ಎಷ್ಟು ದಿನ ಬಂದೀತೆಂದು ನೋಡಲು ಅವನು ಅಲ್ಲಿಗೆ ಹೋಗಿದ್ದನೆಂದು ವ್ಯಾಖ್ಯಾನಕಾರರು ಊಹಿಸುತ್ತಾರೆ. ತುಂಗಭದ್ರಾ ಅಣೆಕಟ್ಟೆ ತುಂಬುವ 1633 ಅಡಿಗೆ ಇನ್ನೆಷ್ಟು ಬಾಕಿ ಎಂದು ಪ್ರತಿ ಮಳೆಗಾಲವೂ ಪತ್ರಿಕೆ ಬಿಡಿಸಿ ನೋಡುವ ನಮ್ಮ ಸೀಮೆಯವರಿಗೆ ಆಹಾಜನನ್ನು ನೋಡಿ ನಗಲು ಸಾಧ್ಯವಿಲ್ಲ. ನೀರನ್ನು ಅಳೆದದ್ದು ಅವನ ತಪ್ಪಾಗಿರಲಿಲ್ಲ. ದೇವರು ಗುರುತನ್ನು ಕೊಡುತ್ತೇನೆಂದಾಗ ಭಕ್ತನ ಮಾತಾಡಿ ಜಾರಿಕೊಂಡು, ದೇವಾಲಯದ ಬೆಳ್ಳಿ ಬಂಗಾರವನ್ನು ತೆಗೆದು ನೆರವು ಬೇಡಿ ಅಶ್ಶೂರದ ರಾಜನಿಗೆ ಕಳುಹಿಸಿದನಲ್ಲ, ಅದು ತಪ್ಪು.

ನನಗೂ ಒಂದು ಅಶ್ಶೂರವಿತ್ತು. ಐದನೆಯ ದಿನ ಮಗು ಎರಡು ಬಾರಿ ಉಸಿರು ಮರೆತಾಗ, 300 ಕಿ.ಮೀ.ಗೂ ದೂರದ ಬೆಂಗಳೂರಿಗೆ ಅವಳನ್ನು ಸಾಗಿಸಬೇಕೆಂದು ಪಟ್ಟು ಹಿಡಿದೆ. ಜೀನ್ಸ್ ಹೊಲಿಯುವ ನನ್ನ ಆರು ಯಂತ್ರಗಳನ್ನು ಅಡವಿಟ್ಟು ಬಡ್ಡಿಗೆ ಹಣ ತರುವ ಮಾತೂ ಮುಗಿದಿತ್ತು. ಚಿಕಿತ್ಸೆ ಮಾಡುತ್ತಿದ್ದ ವೈದ್ಯೆಯು ನನ್ನನ್ನು ಕೂರಿಸಿಕೊಂಡು, ಇಷ್ಟು ಬೇಗ ಹುಟ್ಟಿದ ಮಕ್ಕಳ ಮಿದುಳು ಉಸಿರಾಟವನ್ನು ನಡೆಸಲು ಇನ್ನೂ ಬಲಿತಿರುವುದಿಲ್ಲ, ಅದಕ್ಕೆ ಇಲ್ಲಿಯೇ ಔಷಧವಿದೆ, ಈ ಸ್ಥಿತಿಯಲ್ಲಿ ಅಷ್ಟು ದೂರದ ಪ್ರಯಾಣವೇ ಹೆಚ್ಚು ಅಪಾಯ ಎಂದು ಅರ್ಧ ಗಂಟೆ ವಿವರಿಸಿದರು. ಅವರ ಮಾತಿಗೆ ಒಪ್ಪಿದ್ದು ಸುಲಭವಾಗಿರಲಿಲ್ಲ. ಆ ರಾತ್ರಿ ಸಾಲದ ಕಾಗದವನ್ನು ಹರಿದೆ. ಭಯ ಮಾತ್ರ ಪಕ್ಕದಲ್ಲೇ ಮಲಗಿತ್ತು. ವೈದ್ಯೆಯವರ ಆ ಅರ್ಧ ಗಂಟೆಗೆ ನಾನು ಜೀವಮಾನವಿಡೀ ಋಣಿ.

ಎರಡನೆಯ ವಾರದಲ್ಲಿ ದಾದಿಯರು ಮಗುವನ್ನು ಎದೆಗೆ ಕಟ್ಟಿಕೊಳ್ಳುವುದನ್ನು ಕಲಿಸಿದರು. ಅವರು ಅದನ್ನು ಕಾಂಗರೂ ಆರೈಕೆ ಎನ್ನುತ್ತಾರೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಪೆಟ್ಟಿಗೆಗಳು ಸಾಲದೆ ವೈದ್ಯರು ಕಂಡುಕೊಂಡ ದಾರಿಯಂತೆ. ಇವಳ ತಾಯಿ ಇನ್ನೂ ಬಹಳ ಹೊತ್ತು ಕೂರಲಾರದ ಸ್ಥಿತಿಯಲ್ಲಿದ್ದುದರಿಂದ ಮಧ್ಯಾಹ್ನದ ಪಾಳಿ ನನಗೆ ಬಂತು. ಅಂಗಿ ಬಿಚ್ಚಿ ಕುಳಿತ ನನ್ನ ಎದೆಯ ಮೇಲೆ ಅವಳನ್ನು ಕಪ್ಪೆಯಂತೆ ಮಲಗಿಸಿ ಬಟ್ಟೆ ಸುತ್ತಿದಾಗ, ಯಂತ್ರದ ಅಂಕಿ ನನ್ನ ಬೆನ್ನ ಹಿಂದೆ ಉಳಿಯಿತು. ತಿರುಗಿ ನೋಡಬೇಡಿ ಅಣ್ಣಾ, ನೀವು ಅಲುಗಾಡಿದರೆ ಕೂಸು ಎಚ್ಚರಗೊಳ್ಳುತ್ತದೆ ಎಂದರು ದಾದಿ. ಹದಿನೈದು ದಿನ, ದಿನಕ್ಕೆ ಮೂರು ಗಂಟೆ, ನಾನು ಅಂಕಿಯನ್ನು ನೋಡದೆ ಕುಳಿತೆ. ಜಕರೀಯನಿಗೂ ಮರಿಯಳಿಗೂ ಯೋಸೇಫನಿಗೂ ಕುರುಬರಿಗೂ ದೇವದೂತನು ಭಯಪಡಬೇಡ ಎಂದದ್ದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. 1810ರಲ್ಲಿ ಈ ಊರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿದ್ದುಕೊಂಡೇ ಸತ್ಯವೇದವನ್ನು ಕನ್ನಡಕ್ಕೆ ತರಲು ತೊಡಗಿದರೆಂದು ನಮ್ಮ ಹಿರಿಯರು ಹೆಮ್ಮೆಪಡುತ್ತಾರೆ. ಭಯಪಡಬೇಡ ಎಂಬ ಆ ಎರಡು ಶತಮಾನದ ಹಳೆಯ ಕನ್ನಡದ ಮಾತು ನಿಜವಾಗಿ ನನ್ನ ಕಿವಿಗೆ ಬಿದ್ದದ್ದು ಆ ಕುರ್ಚಿಯ ಮೇಲೆ.

ಆ ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಯಾವ ತಯಾರಿಯೂ ನಡೆಯಲಿಲ್ಲ ಎಂದುಕೊಂಡಿದ್ದೆ. ಆದರೆ ಮಹಿಳಾ ಕೂಟದ ಅಕ್ಕಂದಿರು ತಮ್ಮ ಮನೆಯ ಕರ್ಜಿಕಾಯಿ, ಚಕ್ಕುಲಿಗಳ ಜೊತೆಗೆ ನಮ್ಮ ಪಾಲಿನದನ್ನೂ ಕರಿದಿಟ್ಟಿದ್ದರು. ನನ್ನ ಕೆಲಸಗಾರರು ಒಪ್ಪಿಕೊಂಡ ಪ್ಯಾಂಟುಗಳನ್ನು ರಾತ್ರಿಯೂ ಹೊಲಿದು ಹೊತ್ತಿಗೆ ಸರಿಯಾಗಿ ಮುಟ್ಟಿಸಿದರು. ಕ್ಯಾರಲ್ಸ್ ಹಾಡುವ ಹುಡುಗರು ಬೀಗ ಹಾಕಿದ ನಮ್ಮ ಬಾಗಿಲ ಮುಂದೆಯೂ ನಿಂತು ಎರಡು ಹಾಡು ಹೇಳಿ ಹೋದರಂತೆ. ಅವರಿಗೆ ಚಹಾ ಕೊಟ್ಟವರು ಎದುರುಮನೆಯ ಚಾಚಿ. ನಾವು ಮಗುವಿನೊಡನೆ ಬರುವ ಹೊತ್ತಿಗೆ ಮಾಳಿಗೆಯ ಮೇಲೆ ನಕ್ಷತ್ರ ಕಟ್ಟಿಸಿ ದೀಪ ಹಚ್ಚಿಸಿದವರೂ ಅವರೇ.

ಒಬ್ಬರು ಉಳಿದಿದ್ದಾರೆ. ಶಸ್ತ್ರಕ್ರಿಯೆಯ ರಾತ್ರಿ ನನ್ನ ಹೆಂಡತಿಗೆ ಬಿ ನೆಗೆಟಿವ್ ರಕ್ತ ಬೇಕಾದಾಗ, ಯಾರದೋ ಫೋನು ಕೇಳಿ ಎರಡು ಗಂಟೆಗೆ ಬೈಕಿನಲ್ಲಿ ಬಂದು, ರಕ್ತ ಕೊಟ್ಟು, ನೀರು ಕುಡಿದು ಹೊರಟ ಹುಡುಗನ ಹೆಸರನ್ನು ನಾನು ಕೇಳಲಿಲ್ಲ. ಹಸಿರು ಸ್ವೆಟರು ಹಾಕಿದ್ದೆ ತಮ್ಮಾ, ಅಷ್ಟು ನೆನಪಿದೆ. ಇದು ನಿನ್ನ ಕಣ್ಣಿಗೆ ಬಿದ್ದರೆ ಮನೆಗೆ ಬಾ. ಕೌಲ್ ಬಜಾರಿನಲ್ಲಿ ಇನ್ನೂ ನಕ್ಷತ್ರ ಇಳಿಸದ ಮನೆ ನಮ್ಮದೊಂದೇ.