ಹುದ್ದೆಯನ್ನು ಅಲಂಕರಿಸುವುದು ಯಾಕೆ?

ಸಂಪಾದಕರೇ,

ಯಾರೋ ಒಬ್ಬರು ಅಧ್ಯಕ್ಷರಾದರು ಅಂದರೆ ಮುಗಿಯಿತು, ಮರುದಿನದ ಪತ್ರಿಕೆಯಲ್ಲಿ ಅವರು ‘ಹುದ್ದೆಯನ್ನು ಅಲಂಕರಿಸಿದ್ದಾರೆ’. ವೇದಿಕೆ ಮೇಲೆ ಕೂತವರೆಲ್ಲ ‘ವೇದಿಕೆ ಅಲಂಕರಿಸಿದ ಗಣ್ಯರು’. ಮೈಕ್ ಹಿಡಿದ ನಿರೂಪಕರು ಹಾಗೆ ಹೇಳಲಿ ಬಿಡಿ, ಅದು ಅತಿಥಿಗಳಿಗೆ ಕೊಡುವ ಮರ್ಯಾದೆ. ಸುದ್ದಿ ಬರೆಯುವವರಿಗೆ ಆ ಹಂಗು ಯಾಕೆ? ಕೂತವರು ಕುರ್ಚಿಗೆ ಅಂದ ತಂದರೋ ಇದ್ದ ಅಂದವನ್ನೂ ಕಳೆದರೋ ಅನ್ನುವುದು ಅವರು ಇಳಿದು ಹೋಗುವಾಗ ತಿಳಿಯುವ ವಿಷಯ, ಸೇರಿದ ದಿನವೇ ಪತ್ರಿಕೆ ಸರ್ಟಿಫಿಕೇಟ್ ಕೊಟ್ಟುಬಿಟ್ಟರೆ ಹೇಗೆ?

ತಮಾಷೆ ಅಂದರೆ, ಅಧಿಕಾರವೇ ಇಲ್ಲದ, ಸುಮ್ನೆ ಹೆಸರಿಗಿರುವ ಸ್ಥಾನಕ್ಕೂ ನಾವು ‘ಆಲಂಕಾರಿಕ ಹುದ್ದೆ’ ಅನ್ನುತ್ತೇವೆ. ಅಲ್ಲಿ ಹೊಗಳಿಕೆ, ಇಲ್ಲಿ ಚುಚ್ಚುಮಾತು. (ಇದನ್ನು ಒಂದು ದಿನ ‘ಅ’ ಹಾಕಿ, ಇನ್ನೊಂದು ದಿನ ‘ಆ’ ಹಾಕಿ ಅಚ್ಚು ಮಾಡುತ್ತೀರಿ. ಸಮಾಜ ಸಾಮಾಜಿಕ ಆದ ಹಾಗೆ ಅಲಂಕಾರ ಆಲಂಕಾರಿಕ ಆಗಬೇಕು, ಅಲ್ವಾ?)

ಪದದ ಮೇಲೆ ನನಗೆ ಮುನಿಸಿಲ್ಲ. ಸಂಸ್ಕೃತದ ‘ಅಲಂ’ ಅಂದರೆ ಸಾಕು, ತಕ್ಕಷ್ಟು. ಅದಕ್ಕೆ ಮಾಡುವುದು ಅನ್ನುವ ಅರ್ಥದ ‘ಕಾರ’ ಸೇರಿ ಅಲಂಕಾರ ಆಯಿತು. ಜಾಸ್ತಿ ಹೇರುವುದು ಅಂತ ಅದರ ಹುಟ್ಟಿನಲ್ಲೇ ಇಲ್ಲ. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ, 9ನೇ ಶತಮಾನದ ಕವಿರಾಜಮಾರ್ಗ, ಹೆಚ್ಚಾಗಿ ಮಾತಾಡುವುದೇ ಕಾವ್ಯದ ಅಲಂಕಾರಗಳ ಬಗ್ಗೆ. ಇಷ್ಟು ಹಳೆಯ ನಂಟಿರುವ ಪದವನ್ನು ಕುರ್ಚಿಗೆ ಕಟ್ಟಿಹಾಕಿದ್ದೇವೆ.

‘ಸಿಂಗಾರ’ದ ಪಾಡು ಬೇರೆ. ಅದು ಶೃಂಗಾರದ ತದ್ಭವ. ಆದರೆ ಬಳಕೆಯಲ್ಲಿ ಎರಡೂ ದೂರವಾಗಿವೆ. ಸಿಂಗಾರ ಅಂದರೆ ಹೂವು, ಒಡವೆ, ತೋರಣ. ಶೃಂಗಾರ ಅಂದಾಗ, ನಿಘಂಟು ಏನೇ ಹೇಳಲಿ, ಓದುಗರಿಗೆ ಮೊದಲು ನೆನಪಾಗುವುದು ನವರಸಗಳಲ್ಲಿ ಒಂದಾದ ಆ ರಸ. ‘ಶೃಂಗಾರಗೊಂಡ ಶಾಲೆ’ ಅಂತ ತಲೆಬರಹ ಕೊಡುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿ ನೋಡಿ! ಇನ್ನು ‘ಮದುವಣಗಿತ್ತಿಯಂತೆ ಸಿಂಗಾರಗೊಂಡ ನಗರ’ ಇದೆಯಲ್ಲ, ಹಬ್ಬ ಬಂದರೂ ಅದೇ, ಸಮ್ಮೇಳನ ನಡೆದರೂ ಅದೇ. ಆ ಮದುವಣಗಿತ್ತಿಗೆ ಸ್ವಲ್ಪ ರಜೆ ಕೊಡಿ. ಯಾವ ಬೀದಿಗೆ ಎಂಥ ದೀಪ ಹಾಕಿದ್ದಾರೆ, ಕಮಾನಿಗೆ ಏನು ಕಟ್ಟಿದ್ದಾರೆ ಅಂತ ಬರೆದರೆ ನಮಗೂ ನೋಡಿದ ಹಾಗಾಗುತ್ತದೆ.

ಹುದ್ದೆಯ ಸುದ್ದಿಗೆ ಕನ್ನಡದಲ್ಲಿ ಬೇಕಾದಷ್ಟು ಮಾತಿದೆ. ಆಯ್ಕೆಯಾದರು, ನೇಮಕಗೊಂಡರು, ಅಧಿಕಾರ ವಹಿಸಿಕೊಂಡರು. ಮೂರೂ ಬೇರೆ ಬೇರೆ ಸಂಗತಿ. ‘ಅಲಂಕರಿಸಿದರು’ ಅಂತ ಬರೆದರೆ ಅವರು ಓಟಿನಿಂದ ಗೆದ್ದು ಬಂದರೋ, ಯಾರಾದರೂ ಕರೆದು ಕೂರಿಸಿದರೋ ಅನ್ನುವುದೇ ಗೊತ್ತಾಗುವುದಿಲ್ಲ.

– ನಿಮ್ಮ ಓದುಗ